ಆಂಟಿಫಂಗಲ್ ಎಂಐಸಿ ಹಾದಿ ತಪ್ಪಿದಾಗ: ದ್ರಾವಕದ ಕಡೆಯಿಂದ ಹುಡುಕುವ ಕೈಪಿಡಿ

24 ಗಂಟೆ ಆದ ಮೇಲೆ ಪ್ಲೇಟ್ ಹೊರಗೆ ತೆಗೆದಿದ್ದೀರಿ. ಕ್ಯೂಸಿ ಸಾಲಿನಲ್ಲಿ, ಅಂದರೆ ಟೆಸ್ಟ್ ಸರಿಯಾಗಿ ನಡೆದಿದೆಯೇ ಎಂದು ನೋಡುವ ಸಾಲಿನಲ್ಲಿ, ಉತ್ತರ ಮೊದಲೇ ಗೊತ್ತಿರುವ ಯೀಸ್ಟ್ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019 ಇದೆ. ಆಂಫೋಟೆರಿಸಿನ್ ಬಿಗೆ ಅದರ ಎಂಐಸಿ (ಫಂಗಸ್ ಬೆಳೆಯದಂತೆ ತಡೆಯುವ ಔಷಧದ ಅತಿ ಕಡಿಮೆ ಪ್ರಮಾಣ) ಮಿಲಿಲೀಟರಿಗೆ 0.25ರಿಂದ 2 ಮೈಕ್ರೋಗ್ರಾಂ ಒಳಗೆ ಬರಬೇಕಿತ್ತು. ಬಂದಿರುವುದು 8. ಕೆಳಗಿನ ಸಾಲಿನಲ್ಲಿ ಐಸಿಯು ರೋಗಿಯ ರಕ್ತದಿಂದ ಬೆಳೆದ ಯೀಸ್ಟ್ ಇದೆ, ಅದೂ 8 ಅಂತಿದೆ. ವಾರ್ಡಿನಿಂದ ಆಗಲೇ ಎರಡು ಸಲ ಫೋನ್ ಬಂದಾಗಿದೆ.

ಇಲ್ಲಿ ರೋಗಿಯ ಫಂಗಸ್ಸಿಗೆ ರೆಸಿಸ್ಟೆನ್ಸ್ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇನ್ನೂ ಹುಟ್ಟಿಲ್ಲ. ಗೊತ್ತಿರುವ ಸ್ಟ್ರೈನ್ ತಪ್ಪು ಉತ್ತರ ಕೊಟ್ಟಿದೆ, ಹಾಗಾಗಿ ಆ ಔಷಧದ ರಿಪೋರ್ಟ್ ಇವತ್ತು ಹೋಗುವುದಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಬೇಕು. ಹೆಚ್ಚಿನವರು ಮೊದಲು ಇನಾಕ್ಯುಲಂ (ಪ್ಲೇಟಿಗೆ ಹಾಕುವ ಅಳತೆಯ ಫಂಗಸ್ ದ್ರವ) ಮೇಲೆ ಅನುಮಾನ ಪಡುತ್ತಾರೆ, ಆಮೇಲೆ ಅದು ಬೆಳೆಯುವ ಮೀಡಿಯಂ ಮೇಲೆ. ದ್ರಾವಕವನ್ನು ಕೊನೆಗೆ ನೆನೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ಉಲ್ಟಾ ಆಗಬೇಕು. ಇನಾಕ್ಯುಲಂ ತಪ್ಪಿದ್ದರೆ ಸಾಮಾನ್ಯವಾಗಿ ಪ್ಲೇಟಿನ ಎಲ್ಲ ಔಷಧಗಳೂ ಅಷ್ಟಿಷ್ಟು ಅಲುಗಾಡುತ್ತವೆ. ಒಂದೇ ಔಷಧ ಹಾದಿ ತಪ್ಪಿದ್ದರೆ ಆ ಔಷಧದ ಪುಡಿ ಬಾಟಲಿಯಿಂದ ಪ್ಲೇಟಿನ ಗುಳಿಯವರೆಗೆ, ಅಂದರೆ ವೆಲ್‌ವರೆಗೆ, ಬಂದ ದಾರಿಯನ್ನು ನೋಡಬೇಕು. ಆ ದಾರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ದ್ರಾವಕದ್ದೇ.

ಇದು ಸಿಎಲ್‌ಎಸ್‌ಐ ಎಂಬ ಲ್ಯಾಬ್ ಮಾನದಂಡ ಸಂಸ್ಥೆಯ ಎಂ27 (ಯೀಸ್ಟ್‌ಗಳಿಗೆ) ಮತ್ತು ಎಂ38 (ನೂಲಿನಂಥ ಫಂಗಸ್‌ಗಳಿಗೆ) ವಿಧಾನದಲ್ಲಿ ಬ್ರಾತ್ ಮೈಕ್ರೋಡೈಲ್ಯೂಷನ್ ಪ್ಲೇಟ್‌ಗಳನ್ನು ತಾವೇ ತಯಾರಿಸುವ ಲ್ಯಾಬ್‌ಗಳಿಗಾಗಿ ಬರೆದದ್ದು. ರೆಡಿಮೇಡ್ ಕಾರ್ಡ್, ಸ್ಟ್ರಿಪ್ ಬಳಸುವವರ ದ್ರಾವಕವನ್ನು ಕಂಪನಿಯೇ ನೋಡಿಕೊಂಡಿರುತ್ತದೆ. ಮುಂದೆ ಬರೀ ಅಂಕಿ ಬರೆದಲ್ಲಿ ಮಿಲಿಲೀಟರಿಗೆ ಅಷ್ಟು ಮೈಕ್ರೋಗ್ರಾಂ ಎಂದು ಓದಿಕೊಳ್ಳಿ.

ಎಷ್ಟು ವೆಲ್ ಜಾರಿದೆ?

ಮೊದಲು ಇದನ್ನೇ ಎಣಿಸಿ. ವೆಲ್‌ನಿಂದ ವೆಲ್‌ಗೆ ಔಷಧ ಅರ್ಧ ಆಗುತ್ತದೆ. ಆದ್ದರಿಂದ ಒಂದು ವೆಲ್ ಆಚೀಚೆ ಆಗುವುದು ಈ ಟೆಸ್ಟಿನ ಸ್ವಭಾವ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಕ್ಯೂಸಿ ಚಾರ್ಟಿನಲ್ಲಿ ಬರೆದು ಗಮನಿಸುತ್ತಿರಿ.

ಮೂರು ವೆಲ್ ಅಥವಾ ಅದಕ್ಕೂ ಸ್ವಲ್ಪ ಜಾಸ್ತಿ ಜಾರಿದ್ದರೆ ಹತ್ತು ಪಟ್ಟಿನ ತಪ್ಪು ಆಗಿರಬಹುದು. ಎರಡನ್ನು ಮೂರು ಸಲ ಗುಣಿಸಿದರೆ 8, ನಾಲ್ಕು ಸಲ ಗುಣಿಸಿದರೆ 16. ಹತ್ತು ಇವೆರಡರ ನಡುವೆ ಬರುತ್ತದೆ. ಈ ತಪ್ಪಿಗೆ ಮಾಮೂಲಿ ಕಾರಣ ಎರಡು ಸ್ಕೀಮ್‌ಗಳ ಕಲಸುಮೇಲೋಗರ. ನೀರಿನಲ್ಲಿ ಕರಗುವ ಔಷಧಕ್ಕೆ ಕೊನೆಯ ಪ್ರಮಾಣದ 10 ಪಟ್ಟು ಟ್ಯೂಬ್‌ಗಳನ್ನು ಮಾಡಿ, ಅದನ್ನು ಮೀಡಿಯಂನಲ್ಲಿ 1:5 ಮಾಡುತ್ತೇವೆ. ಡಿಎಂಎಸ್‌ಒ (ಡೈಮಿಥೈಲ್ ಸಲ್ಫಾಕ್ಸೈಡ್) ಎಂಬ ದ್ರಾವಕದಲ್ಲಿ ಕರಗುವ ಔಷಧಕ್ಕೆ 100 ಪಟ್ಟು ಟ್ಯೂಬ್‌ಗಳು, ಮೀಡಿಯಂನಲ್ಲಿ 1:50. ಎರಡರಲ್ಲೂ 2 ಪಟ್ಟು ಬರುತ್ತದೆ. ವೆಲ್‌ನಲ್ಲಿ 100 ಮೈಕ್ರೋಲೀಟರ್ ಔಷಧಕ್ಕೆ 100 ಮೈಕ್ರೋಲೀಟರ್ ಇನಾಕ್ಯುಲಂ ಸೇರಿ 1 ಪಟ್ಟು ಆಗುತ್ತದೆ. ಒಂದೇ ಮೇಜಿನ ಮೇಲೆ ಫ್ಲುಕೊನಜೋಲ್‌ನ ನೀರಿನ ಟ್ಯೂಬ್‌ಗಳೂ ವೊರಿಕೊನಜೋಲ್‌ನ ಡಿಎಂಎಸ್‌ಒ ಟ್ಯೂಬ್‌ಗಳೂ ಇದ್ದು, ಫ್ಲುಕೊನಜೋಲ್‌ಗೂ 1:50 ಮಾಡಿಬಿಟ್ಟರೆ ವೆಲ್‌ಗೆ ಹತ್ತನೇ ಒಂದು ಭಾಗ ಔಷಧ ಮಾತ್ರ ಹೋಗುತ್ತದೆ. 22019ಕ್ಕೆ 0.5ರಿಂದ 4ರ ಒಳಗೆ ಬರಬೇಕಾದ ಫ್ಲುಕೊನಜೋಲ್ 16, 32 ತೋರಿಸುತ್ತದೆ. ಉಲ್ಟಾ ತಪ್ಪಾದರೆ, ಅಂದರೆ ಡಿಎಂಎಸ್‌ಒ ಟ್ಯೂಬ್‌ಗಳನ್ನು 1:5 ಮಾಡಿದರೆ, ಔಷಧ ಹತ್ತು ಪಟ್ಟು ಏರುವುದರ ಜೊತೆಗೆ ವೆಲ್‌ನಲ್ಲಿ ಡಿಎಂಎಸ್‌ಒ ಶೇ. 10 ಆಗುತ್ತದೆ. ಅಷ್ಟರಲ್ಲಿ ಯೀಸ್ಟ್ ಬೆಳೆಯಲು ತಿಣುಕಾಡುತ್ತದೆ, ಇಡೀ ಸಾಲು ಖಾಲಿ ಕಾಣಬಹುದು.

ಪ್ರತಿ ವಾರ ಸ್ವಲ್ಪ ಸ್ವಲ್ಪವೇ ಏರುತ್ತಾ ಬಂದು ಈಗ ಗಡಿ ದಾಟಿದ್ದರೆ ಅದು ಸ್ಟಾಕ್ (ಮೊದಲೇ ಕರಗಿಸಿಟ್ಟ ಔಷಧದ ಗಟ್ಟಿ ದ್ರಾವಣ) ಹಾಳಾಗುತ್ತಿರುವ ಲಕ್ಷಣ. ಹೋದ ವಾರ ಸರಿಯಿದ್ದು ಈ ವಾರ ದಿಢೀರನೆ ಬದಲಾಗಿದ್ದರೆ ಹೊಸದಾಗಿ ಏನು ತೆರೆದಿರಿ ಎಂದು ಕೇಳಿ. ಹೊಸ ಡಿಎಂಎಸ್‌ಒ ಬಾಟಲಿ, ಹೊಸ ಪುಡಿ, ಹೊಸ ಪ್ಲೇಟ್ ಲಾಟ್, ಅಥವಾ ಹೊಸದಾಗಿ ಸೇರಿದವರು.

ತೂಕದ ಮೇಲೆ ಎಷ್ಟು ತಪ್ಪು ಹೊರಿಸಬಹುದು?

ಪೊಟೆನ್ಸಿ (ಪುಡಿಯಲ್ಲಿ ನಿಜವಾದ ಔಷಧ ಎಷ್ಟಿದೆ ಎಂಬುದು) ಲೆಕ್ಕ ಹಾಕಲಿಲ್ಲ, ಅದಕ್ಕೇ ಹೀಗಾಯ್ತು ಅನ್ನುವ ವಿವರಣೆ ಬಹಳ ಸಲ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಸರ್ಟಿಫಿಕೇಟಿನಲ್ಲಿ ಪೊಟೆನ್ಸಿ ಮಿಲಿಗ್ರಾಂಗೆ 850 ಮೈಕ್ರೋಗ್ರಾಂ ಎಂದಿದೆ ಅಂದುಕೊಳ್ಳಿ. 1600ರ ಸ್ಟಾಕ್ 10 ಮಿಲಿ ಬೇಕಾದರೆ 18.8 ಮಿಗ್ರಾಂ ತೂಗಬೇಕು. ಪೊಟೆನ್ಸಿ ಮರೆತು 16 ಮಿಗ್ರಾಂ ತೂಗಿದರೆ ನಿಜವಾದ ಸ್ಟಾಕ್ 1360 ಆಗುತ್ತದೆ. ಅಂದರೆ ಶೇ. 15 ಕಡಿಮೆ. ಒಂದು ವೆಲ್ ಜಾರಬೇಕಾದರೆ ಶೇ. 50 ಕಡಿಮೆಯಾಗಬೇಕು. ಟರ್ಬಿನಾಫಿನ್ ಹೈಡ್ರೋಕ್ಲೋರೈಡ್, ಕ್ಯಾಸ್ಪೊಫಂಜಿನ್ ಅಸಿಟೇಟ್ ಇವುಗಳಲ್ಲಿ ಲವಣದ ಭಾಗ ಲೆಕ್ಕಕ್ಕೆ ಬಿಟ್ಟುಹೋದರೂ ವ್ಯತ್ಯಾಸ ಶೇ. 10ರ ಆಸುಪಾಸು ಅಷ್ಟೇ. ಇದನ್ನು ಸರಿಪಡಿಸಲೇಬೇಕು, ಆದರೆ ಮೂರು ವೆಲ್ ಜಾರಿದ್ದಕ್ಕೆ ಇದೇ ಕಾರಣ ಎಂದು ಫೈಲ್ ಮುಚ್ಚಬೇಡಿ.

ಅಂದಹಾಗೆ, ಸರಿಯಾಗಿ 18.8 ಬರಲಿ ಅಂತ ಪುಡಿಯನ್ನು ಹಾಕಿ ತೆಗೆದು ಮಾಡುತ್ತಾ ಕೂರಬೇಡಿ. ಸ್ವಲ್ಪ ಜಾಸ್ತಿಯೇ ತೂಗಿ, ದ್ರಾವಕದ ಪ್ರಮಾಣ ಹೊಂದಿಸಿ. 21.4 ಮಿಗ್ರಾಂ ಬಂತು ಅಂದರೆ 21.4 × 850 ÷ 1600, ಅಂದರೆ 11.37 ಮಿಲಿ ಡಿಎಂಎಸ್‌ಒ.

ಯಾವುದಕ್ಕೆ ಯಾವ ದ್ರಾವಕ?

ಫ್ಲುಕೊನಜೋಲ್ ಮತ್ತು ಫ್ಲುಸೈಟೊಸಿನ್‌ಗೆ ಸ್ಟೆರೈಲ್ ನೀರು. ಆಂಫೋಟೆರಿಸಿನ್ ಬಿ, ಇಟ್ರಾಕೊನಜೋಲ್, ವೊರಿಕೊನಜೋಲ್, ಪೊಸಾಕೊನಜೋಲ್, ಇಸಾವುಕೊನಜೋಲ್, ಅನಿಡುಲಾಫಂಜಿನ್, ಟರ್ಬಿನಾಫಿನ್, ಗ್ರಿಸಿಯೊಫಲ್ವಿನ್ ಇವಕ್ಕೆಲ್ಲ ಡಿಎಂಎಸ್‌ಒ. ಕ್ಯಾಸ್ಪೊಫಂಜಿನ್ ಮತ್ತು ಮೈಕಾಫಂಜಿನ್ ನೀರಿನಲ್ಲೂ ಕರಗುತ್ತವೆ, ಡಿಎಂಎಸ್‌ಒದಲ್ಲೂ ಕರಗುತ್ತವೆ. ಗೊಂದಲ ಆಗುವುದು ಈ ಎರಡರಲ್ಲೇ. ನಿಮ್ಮ ಲ್ಯಾಬ್ ಪಾಲಿಸುವ ಆವೃತ್ತಿ ಏನು ಹೇಳುತ್ತದೋ ಅದನ್ನೇ ಎಸ್‌ಒಪಿಯಲ್ಲಿ (ಲ್ಯಾಬಿನ ಲಿಖಿತ ಕೆಲಸದ ಕ್ರಮ) ಬರೆದು ಅದಕ್ಕೇ ಅಂಟಿಕೊಳ್ಳಿ. ಹಳೆ ಸ್ಟಾಕ್ ನೀರಿನದು, ಹೊಸದು ಡಿಎಂಎಸ್‌ಒದ್ದು ಅಂತ ಆದರೆ ಮೇಲೆ ಹೇಳಿದ ಹತ್ತು ಪಟ್ಟಿನ ತಪ್ಪಿಗೆ ಬಾಗಿಲು ತೆರೆದ ಹಾಗೆ.

ಎಥನಾಲ್, ಮೆಥನಾಲ್, ಅಸಿಟೋನ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಇವು ಬೇಗ ಆವಿಯಾಗುತ್ತವೆ, ಟ್ಯೂಬ್ ತೆರೆದಿಟ್ಟಷ್ಟೂ ಸ್ಟಾಕ್ ಗಟ್ಟಿಯಾಗುತ್ತಾ ಹೋಗುತ್ತದೆ. ಎಥನಾಲ್‌ನಲ್ಲಿ ಇನ್ನೊಂದು ತರಲೆ ಇದೆ, ಕ್ಯಾಂಡಿಡಾ ಅದನ್ನು ಆಹಾರವಾಗಿಯೂ ಬಳಸಬಲ್ಲದು. ಕ್ಯೂಸಿ ರೇಂಜ್‌ಗಳನ್ನು ಕಟ್ಟಿರುವುದು ನಿಗದಿಪಡಿಸಿದ ದ್ರಾವಕಗಳ ಮೇಲೆ. ಬೇರೆಯದನ್ನು ಬಳಸಿ ಅದೇ ರೇಂಜ್‌ಗೆ ಹೋಲಿಸಿದರೆ ಅರ್ಥವಿಲ್ಲ, ಅಲ್ವಾ?

ಪುಡಿಯ ಬದಲು ಫಾರ್ಮಸಿಯ ಇಂಜೆಕ್ಷನ್ ವೈಲ್ ಬಳಸುವ ಆಸೆಯನ್ನೂ ಬಿಡಿ. ಸ್ಟ್ಯಾಂಡರ್ಡ್ ಪುಡಿಯ ಬೆಲೆ ನೋಡಿದರೆ ಆ ಆಸೆ ಹುಟ್ಟುವುದು ಸಹಜ. ಆದರೆ ಮಾಮೂಲಿ ಆಂಫೋಟೆರಿಸಿನ್ ಇಂಜೆಕ್ಷನ್‌ನಲ್ಲಿ ಡಿಆಕ್ಸಿಕೋಲೇಟ್ ಇರುತ್ತದೆ, ಲೈಪೋಸೋಮಲ್ ಆದರೆ ಕೊಬ್ಬಿನ ಕೋಶದೊಳಗೆ ಔಷಧ ಇರುತ್ತದೆ. ವೊರಿಕೊನಜೋಲ್ ವೈಲ್‌ನಲ್ಲಿ ಸೈಕ್ಲೋಡೆಕ್ಸ್ಟ್ರಿನ್ ಇರುತ್ತದೆ. ಕ್ಯಾಸ್ಪೊಫಂಜಿನ್‌ನಲ್ಲಿ ಸಕ್ಕರೆಗಳಿರುತ್ತವೆ. ಇವೆಲ್ಲ ರೋಗಿಯ ರಕ್ತನಾಳಕ್ಕಾಗಿ ಮಾಡಿದ ಏರ್ಪಾಡು. ಪ್ಲೇಟಿನಲ್ಲಿ ಅವು ಔಷಧದ ವರ್ತನೆಯನ್ನೇ ಬದಲಿಸಬಹುದು. ಮಾತ್ರೆ ಪುಡಿ ಮಾಡುವುದಂತೂ ಬೇಡವೇ ಬೇಡ.

ಮೇಲಿನ ವೆಲ್‌ಗಳಲ್ಲಿ ಮಬ್ಬು

ಇದು ಅತಿ ಹೆಚ್ಚು ಮೋಸ ಮಾಡುವ ಲಕ್ಷಣ. 16ರಲ್ಲಿ ಮಬ್ಬು, 8ರಲ್ಲಿ ಮಬ್ಬು, 4ರಿಂದ 0.5ರವರೆಗೆ ತಿಳಿ, ಅದರ ಕೆಳಗೆ ಮತ್ತೆ ಬೆಳವಣಿಗೆ. ಇದಕ್ಕೆ ಎರಡು ವಿವರಣೆಗಳಿವೆ. ಒಂದು, ಔಷಧ ಮೀಡಿಯಂನಲ್ಲಿ ಕರಗದೆ ಮಡ್ಡಿಯಾಗಿ ನಿಂತಿದೆ. ಇಟ್ರಾಕೊನಜೋಲ್, ಪೊಸಾಕೊನಜೋಲ್ ಎರಡೂ ನೀರನ್ನು ಕಂಡರೆ ಆಗದ ಔಷಧಗಳು, ಮೇಲಿನ ಪ್ರಮಾಣಗಳಲ್ಲಿ ಹೀಗೆ ಮಾಡುತ್ತವೆ. ಇನ್ನೊಂದು, ಫಂಗಸ್ ನಿಜವಾಗಿಯೂ ಬೆಳೆದಿದೆ. ಕ್ಯಾಸ್ಪೊಫಂಜಿನ್ ಜೊತೆ ಕೆಲವು ಕ್ಯಾಂಡಿಡಾಗಳು ತುಂಬಾ ಜಾಸ್ತಿ ಪ್ರಮಾಣದಲ್ಲಿ ಮತ್ತೆ ಬೆಳೆಯುತ್ತವೆ. ಇದಕ್ಕೆ ಪ್ಯಾರಡಾಕ್ಸಿಕಲ್ ಎಫೆಕ್ಟ್ ಎನ್ನುತ್ತಾರೆ, ಅದು ದೋಷವಲ್ಲ.

ಬರಿಗಣ್ಣಿಗೆ ಎರಡೂ ಒಂದೇ. 530 ನ್ಯಾನೋಮೀಟರ್‌ನಲ್ಲಿ ಓದುವ ಯಂತ್ರಕ್ಕೂ ಒಂದೇ. ಬೇರೆ ಮಾಡಲು ಒಂದು ಸಾಲು ಬೇಕು. ಅದರಲ್ಲಿ ಔಷಧದ ಎಲ್ಲ ಪ್ರಮಾಣಗಳೂ ಇರಲಿ, ಫಂಗಸ್ ಬೇಡ, ಅದರ ಜಾಗಕ್ಕೆ ಬರೀ ಮೀಡಿಯಂ. ಆ ಸಾಲಿನಲ್ಲೂ 16 ಮತ್ತು 8 ಮಬ್ಬಾಗಿದ್ದರೆ ಅದು ಮಡ್ಡಿ. ಒಂದು ಹನಿ ತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಹರಳು ಅಥವಾ ಪುಡಿಪುಡಿ ಕಣ ಕಾಣುತ್ತದೆ, ಮೊಗ್ಗೊಡೆಯುವ ಯೀಸ್ಟ್ ಕಾಣುವುದಿಲ್ಲ. ಈ ಸಾಲನ್ನು ಪ್ರತಿ ಹೊಸ ಸ್ಟಾಕ್‌ಗೆ ಒಂದು ಸಲ ಹಾಕಿದರೂ ಸಾಕು. ಹಾಕುವ ಲ್ಯಾಬ್‌ಗಳು ಕಡಿಮೆ. ಜಾಗ ದಂಡ ಅನ್ನುತ್ತಾರೆ.

ಮಡ್ಡಿ ಹೇಗಾಯ್ತು? ಡಿಎಂಎಸ್‌ಒ ಔಷಧ ಮೀಡಿಯಂ ಸೇರುವ ಆ ಒಂದು ಕ್ಷಣವನ್ನು ಗಮನಿಸಿ. ಡಿಎಂಎಸ್‌ಒ ನೀರಿಗಿಂತ ಭಾರ, ಸಾಂದ್ರತೆ 1.1. ಮೆಲ್ಲಗೆ ಬಿಟ್ಟು ಹಾಗೇ ಇಟ್ಟರೆ ತಳಕ್ಕೆ ಇಳಿದು ಕೂರುತ್ತದೆ. ಅದರ ಅಂಚಿನಲ್ಲಿ ನೀರು ತಾಗಿದಲ್ಲೆಲ್ಲ ಔಷಧ ಹೊರಗೆ ಬೀಳುತ್ತದೆ. ಆಮೇಲೆ ಎಷ್ಟು ಅಲ್ಲಾಡಿಸಿದರೂ ಮತ್ತೆ ಕರಗುವುದು ಕಷ್ಟ. ಪಿಪೆಟ್ ತುದಿಯನ್ನು ಮೀಡಿಯಂ ಒಳಗಿಟ್ಟು ಬಿಡಿ, ಕೂಡಲೇ ಮಿಕ್ಸ್ ಮಾಡಿ. ಫ್ರಿಜ್‌ನಿಂದ ಆಗತಾನೆ ತೆಗೆದ ತಣ್ಣನೆ ಆರ್‌ಪಿಎಂಐ ಮೀಡಿಯಂ ಬಳಸಬೇಡಿ, ರೂಮಿನ ಬಿಸಿಗೆ ಬರಲಿ.

ಡೈಲ್ಯೂಷನ್ ಸಾಲು: ಇಲ್ಲೇ ಜಾಸ್ತಿ ಕೆಡುವುದು

ಆಂಫೋಟೆರಿಸಿನ್ 8 ಬಂದ ಆ ಪ್ಲೇಟಿಗೆ ನಾನು ಮೊದಲು ಕೇಳುವ ಪ್ರಶ್ನೆ: ಡೈಲ್ಯೂಷನ್ ಯಾವುದರಲ್ಲಿ ಮಾಡಿದಿರಿ?

ಸರಿಯಾದ ಕ್ರಮ ಹೀಗಿದೆ. ಸ್ಟಾಕ್ 1600, ಪೂರ್ತಿ ಡಿಎಂಎಸ್‌ಒದಲ್ಲಿ. ಅದರಿಂದ 0.5 ಮಿಲಿಗೆ 0.5 ಮಿಲಿ ಡಿಎಂಎಸ್‌ಒ ಸೇರಿಸಿದರೆ 800. ಮತ್ತೆ ಅದೇ 1600ರಿಂದ 0.5 ಮಿಲಿಗೆ 1.5 ಸೇರಿಸಿದರೆ 400. ಮತ್ತೆ ಅದೇ 1600ರಿಂದ 0.5ಕ್ಕೆ 3.5 ಸೇರಿಸಿದರೆ 200. ಈಗ 200ನ್ನು ಹೊಸ ತಾಯಿ ಟ್ಯೂಬ್ ಎಂದುಕೊಂಡು ಇದೇ ರೀತಿ 100, 50, 25. ಆಮೇಲೆ 25ರಿಂದ 12.5, 6.25, 3.13. ಹತ್ತೂ ಟ್ಯೂಬ್‌ಗಳಲ್ಲಿ ಡಿಎಂಎಸ್‌ಒ ಬಿಟ್ಟು ಬೇರೆ ದ್ರಾವಕ ಇಲ್ಲ. ಕೊನೆಗೆ ಪ್ರತಿಯೊಂದನ್ನೂ ಆರ್‌ಪಿಎಂಐಯಲ್ಲಿ 1:50. ವೆಲ್‌ನಲ್ಲಿ 16ರಿಂದ 0.03ರವರೆಗೆ ಬರುತ್ತದೆ. ಎಲ್ಲ ವೆಲ್‌ಗಳಲ್ಲೂ ಡಿಎಂಎಸ್‌ಒ ಒಂದೇ, ಶೇ. 1.

ಶಾರ್ಟ್‌ಕಟ್ ಯಾವುದು ಗೊತ್ತಲ್ಲ. 1600ನ್ನು ಒಂದೇ ಸಲ ಮೀಡಿಯಂಗೆ ಹಾಕಿ, ಅಲ್ಲಿಂದ ಮಲ್ಟಿಚಾನಲ್ ಪಿಪೆಟ್‌ನಲ್ಲಿ ವೆಲ್‌ನಿಂದ ವೆಲ್‌ಗೆ ಅರ್ಧರ್ಧ ಸಾಗಿಸುವುದು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನೀರಿನಲ್ಲಿ ಕರಗುವ ಔಷಧಕ್ಕೆ ಇದು ಹೇಗೋ ನಡೆದುಹೋಗಬಹುದು. ನೀರಿಗೆ ಆಗದ ಔಷಧಕ್ಕೆ ಮೂರು ಕಡೆ ಕೆಡುತ್ತದೆ. ಅತಿ ಗಟ್ಟಿ ಇರುವ ಮೊದಲ ವೆಲ್‌ನಲ್ಲೇ ಔಷಧ ಮಡ್ಡಿಯಾದರೆ ಮುಂದಿನ ವೆಲ್‌ಗಳಿಗೆ ಹೋಗುವುದು ಉಳಿದ ತಿಳಿ ಮಾತ್ರ. ಹಾಳೆಯಲ್ಲಿ 1 ಎಂದು ಬರೆದ ವೆಲ್‌ನಲ್ಲಿ ನಿಜಕ್ಕೂ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ. ಎಂಐಸಿ ಏರಿದಂತೆ ಕಾಣುತ್ತದೆ. ಎರಡನೆಯದು, ಡಿಎಂಎಸ್‌ಒ ಪ್ರಮಾಣ ಸಾಲಿನುದ್ದಕ್ಕೂ ಒಂದೇ ಇರುವುದಿಲ್ಲ, ಮೇಲೆ ಜಾಸ್ತಿ, ಕೆಳಗೆ ಬಹುತೇಕ ಸೊನ್ನೆ. ಫಂಗಸ್ ನಿಂತದ್ದು ಔಷಧದಿಂದಲೋ ದ್ರಾವಕದಿಂದಲೋ ಹೇಳಲಾಗದು. ಮೂರನೆಯದು, ಒಂದೇ ಟಿಪ್‌ನಲ್ಲಿ ಸಾಗಿಸಿದರೆ ಟಿಪ್‌ಗೆ ಅಂಟಿದ ಔಷಧವೂ ಜೊತೆಗೆ ಹೋಗುತ್ತದೆ, ಮತ್ತು ಹತ್ತು ಹೆಜ್ಜೆಗಳ ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಮೇಲೆ ಹೇಳಿದ ಕ್ರಮದಲ್ಲಿ ಮೂರು ಮೂರು ಟ್ಯೂಬ್‌ಗೆ ಒಂದು ತಾಯಿ ಟ್ಯೂಬ್ ಇರುವುದು ಇದನ್ನು ತಡೆಯಲಿಕ್ಕೇ.

ಡಿಎಂಎಸ್‌ಒ ನೀರಿಗಿಂತ ಮಂದ ಕೂಡ. ನೀರಿಗೆ ಎಳೆಯುವ ವೇಗದಲ್ಲಿ ಎಳೆದರೆ ಪಿಪೆಟ್ ಕಡಿಮೆ ತೆಗೆದುಕೊಳ್ಳುತ್ತದೆ. ಟಿಪ್ ಅನ್ನು ಒಂದೆರಡು ಸಲ ತುಂಬಿ ಬಿಟ್ಟು ಒದ್ದೆ ಮಾಡಿಕೊಳ್ಳಿ, ನಿಧಾನವಾಗಿ ಎಳೆಯಿರಿ, ಹೊರಗಿನ ಗೋಡೆ ಒರೆಸಿ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಡಿಎಂಎಸ್‌ಒ ಚರ್ಮದ ಮೂಲಕ ಒಳಗೆ ಹೋಗುತ್ತದೆ, ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಒಯ್ಯುತ್ತದೆ.

ಎಂಐಸಿ ಕೆಳಗೆ ಬಿದ್ದಿದ್ದರೆ

ಔಷಧ ಹಾಕದ ಗ್ರೋತ್ ಕಂಟ್ರೋಲ್ ವೆಲ್‌ನಲ್ಲಿ ಡಿಎಂಎಸ್‌ಒ ಇದೆಯೇ? ಹಲವು ಕಡೆ ಅದರಲ್ಲಿ ಬರೀ ಮೀಡಿಯಂ ಮತ್ತು ಫಂಗಸ್ ಇರುತ್ತದೆ. ಆಗ ಹೋಲಿಕೆಯೇ ತಪ್ಪು. ಎರಡು ಕಂಟ್ರೋಲ್ ಹಾಕಿ, ಒಂದರಲ್ಲಿ ಶೇ. 1 ಡಿಎಂಎಸ್‌ಒ ಇರಲಿ, ಇನ್ನೊಂದರಲ್ಲಿ ಬೇಡ. ಎರಡೂ ಒಂದೇ ಥರ ಬೆಳೆದಿದ್ದರೆ ದ್ರಾವಕ ನಿರಪರಾಧಿ. ಡಿಎಂಎಸ್‌ಒ ಇರುವ ವೆಲ್ ಸೊರಗಿದ್ದರೆ ಪ್ರಮಾಣ ಶೇ. 1 ದಾಟಿದೆ, ಇಲ್ಲವೇ ಬಾಟಲಿ ಸರಿಯಿಲ್ಲ, ಇಲ್ಲವೇ ಆ ಫಂಗಸ್ ಡಿಎಂಎಸ್‌ಒಗೆ ಸೂಕ್ಷ್ಮ. ಅಜೋಲ್ (ಫ್ಲುಕೊನಜೋಲ್ ಥರದ ಔಷಧ) ಓದುವಾಗ ಕಂಟ್ರೋಲ್‌ಗಿಂತ ಶೇ. 50 ಕಡಿಮೆ ಎಂದು ಅಂದಾಜು ಮಾಡುತ್ತೇವಲ್ಲ, ಅಲ್ಲಿ ಈ ವ್ಯತ್ಯಾಸ ನೇರವಾಗಿ ಎಂಐಸಿಯನ್ನು ಇಳಿಸುತ್ತದೆ.

ಅಂಚಿನ ವೆಲ್‌ಗಳನ್ನೂ ನೋಡಿ. ನೀರು ಆವಿಯಾಗುತ್ತದೆ, ಡಿಎಂಎಸ್‌ಒ ಹಾಗೇ ಉಳಿಯುತ್ತದೆ. 24 ಗಂಟೆಯಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಡರ್ಮಟೋಫೈಟ್ (ಹುಳುಕಡ್ಡಿ ತರುವ ಫಂಗಸ್) ಪ್ಲೇಟ್ 35 ಡಿಗ್ರಿಯಲ್ಲಿ ನಾಲ್ಕು ದಿನ ಕೂರುತ್ತದೆ. ನಮ್ಮಲ್ಲಿ ಈಗ ಹುಳುಕಡ್ಡಿಯ ಸ್ಯಾಂಪಲ್‌ಗಳಿಗೆ ಟರ್ಬಿನಾಫಿನ್ ಟೆಸ್ಟ್ ಕೇಳುವುದು ಜಾಸ್ತಿಯಾಗಿದೆ. ಟರ್ಬಿನಾಫಿನ್‌ಗೆ ಎಷ್ಟೋ ಸಲ ಬಗ್ಗದ ಟ್ರೈಕೋಫೈಟಾನ್ ಇಂಡೋಟಿನಿಯೆ ಬಂದ ಮೇಲೆ ಅದು ನ್ಯಾಯವೂ ಹೌದು. ಮಾಮೂಲಿ ಟ್ರೈಕೋಫೈಟಾನ್‌ಗೆ ಟರ್ಬಿನಾಫಿನ್ ಎಂಐಸಿ ತುಂಬಾ ಕೆಳಗಿರುತ್ತದೆ, ಡೈಲ್ಯೂಷನ್ ಸಾಲಿನ ಬಾಲದಲ್ಲಿ. ಕೂಡುತ್ತಾ ಬಂದ ತಪ್ಪುಗಳೆಲ್ಲ ಸೇರುವ ಜಾಗವೂ ಅದೇ. ಪ್ಲೇಟನ್ನು ಒದ್ದೆ ಟಿಶ್ಯೂ ಇಟ್ಟ ಡಬ್ಬಿಯಲ್ಲಿ ಮುಚ್ಚಿಡಿ.

ಬಾಟಲಿ, ಮಳೆಗಾಲ, ಫ್ರೀಜರ್

ಡಿಎಂಎಸ್‌ಒ ಗಾಳಿಯಿಂದ ನೀರು ಹೀರುತ್ತದೆ. ಮಂಗಳೂರು, ಉಡುಪಿ ಕಡೆ ಜುಲೈನಲ್ಲಿ ಅರ್ಧ ಲೀಟರ್ ಬಾಟಲಿಯನ್ನು ದಿನಾ ತೆರೆದು ಮುಚ್ಚುತ್ತಿದ್ದರೆ ಅದರೊಳಗೆ ಏನು ಸೇರಿರುತ್ತದೆ ಎಂದು ಹೇಳಬೇಕಿಲ್ಲ. ನೀರು ಸೇರಿದಷ್ಟೂ ಇಟ್ರಾಕೊನಜೋಲ್ ಕರಗಲು ಹಠ ಮಾಡುತ್ತದೆ. ಸಣ್ಣ ಬಾಟಲಿ ತರಿಸಿ, ತೆರೆದ ದಿನಾಂಕ ಬರೆಯಿರಿ.

ಒಂದು ಒರಟು ಪರೀಕ್ಷೆ ಇದೆ. ಶುದ್ಧ ಡಿಎಂಎಸ್‌ಒ 18.5 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಎಸಿ ಜೋರಾಗಿಟ್ಟ ರೂಮಿನಲ್ಲೂ ಗಟ್ಟಿಯಾದೀತು, ಅದಕ್ಕೆ ಗಾಬರಿ ಬೇಡ, ಉಗುರುಬೆಚ್ಚಗೆ ಮಾಡಿದರೆ ಕರಗುತ್ತದೆ. ಸ್ವಲ್ಪವನ್ನು ಟ್ಯೂಬಿನಲ್ಲಿ ಹಾಕಿ 4 ಡಿಗ್ರಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆಯೂ ಪೂರ್ತಿ ನೀರಾಗಿಯೇ ಇದ್ದರೆ ಶೇ. 5ಕ್ಕಿಂತ ಜಾಸ್ತಿ ನೀರು ಸೇರಿರುವ ಸಾಧ್ಯತೆ ಇದೆ, ಎಸೆಯಿರಿ. ಗಟ್ಟಿಯಾಯಿತು ಎಂದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ, ಒಂದೆರಡು ಶೇಕಡಾ ನೀರು ಇದ್ದರೂ ಅದು ಗಟ್ಟಿಯಾಗುತ್ತದೆ.

ಡಿಎಂಎಸ್‌ಒ ಸ್ಟಾಕ್ ಸ್ಟೆರೈಲ್ ಆಗಲು ಅದನ್ನು ಫಿಲ್ಟರ್ ಮಾಡುವ ಅಗತ್ಯವಿಲ್ಲ. ಅರ್ಧ ಗಂಟೆ ಸುಮ್ನೆ ಇಟ್ಟರೆ ಸಾಕು. ಸೆಲ್ಯುಲೋಸ್ ಅಸಿಟೇಟ್ ಫಿಲ್ಟರ್ ಬಳಸಿದರೆ ಡಿಎಂಎಸ್‌ಒ ಫಿಲ್ಟರನ್ನೇ ಕರಗಿಸುತ್ತದೆ, ಜೊತೆಗೆ ಔಷಧ ಫಿಲ್ಟರಿಗೆ ಅಂಟಿಕೊಳ್ಳುವ ಭಯ ಬೇರೆ.

ಸ್ಟಾಕ್‌ಗಳನ್ನು ಸಣ್ಣ ಪಾಲಿಪ್ರೊಪಿಲೀನ್ ವೈಲ್‌ಗಳಲ್ಲಿ ಹಂಚಿ, ಮೈನಸ್ 60 ಅಥವಾ ಅದಕ್ಕೂ ಕೆಳಗಿನ ಫ್ರೀಜರ್‌ನಲ್ಲಿಡಿ. ಹಾಗಿಟ್ಟರೆ ಹೆಚ್ಚಿನ ಔಷಧಗಳು 6 ತಿಂಗಳು ಬಾಳುತ್ತವೆ. ತೆಗೆದ ವೈಲ್ ಅದೇ ದಿನ ಮುಗಿಯಬೇಕು, ಉಳಿದದ್ದು ವಾಪಸ್ ಹೋಗಬಾರದು. ಆಂಫೋಟೆರಿಸಿನ್‌ಗೆ ಬೆಳಕೂ ಆಗುವುದಿಲ್ಲ, ವೈಲ್‌ಗೆ ಫಾಯಿಲ್ ಸುತ್ತಿ. ಫ್ಲುಕೊನಜೋಲ್‌ನ ನೀರಿನ ಸ್ಟಾಕನ್ನು ಫ್ರೀಜರ್‌ನಿಂದ ತೆಗೆದು ಕರಗಿಸಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಹರಳು ಕಂಡರೆ ಅದು ಪೂರ್ತಿ ಕರಗುವವರೆಗೆ ಪಿಪೆಟ್ ಇಳಿಸಬೇಡಿ.

ಕ್ಯಾಸ್ಪೊಫಂಜಿನ್ ಎಂಬ ತಲೆನೋವು

ಎಲ್ಲ ಸರಿ ಮಾಡಿದರೂ ಇದೊಂದು ಏರಿಳಿಯುತ್ತಿರುತ್ತದೆ. ನಿಮ್ಮಲ್ಲಿ ಮಾತ್ರ ಅಲ್ಲ. ಲ್ಯಾಬ್‌ನಿಂದ ಲ್ಯಾಬ್‌ಗೆ ಇದರ ಎಂಐಸಿ ಎಷ್ಟು ಬದಲಾಗುತ್ತದೆ ಎಂದರೆ ಯುರೋಪಿನ ಮಾನದಂಡ ಸಮಿತಿ ಯೂಕಾಸ್ಟ್ ಇದಕ್ಕೆ ಕ್ಯಾಂಡಿಡಾ ಬ್ರೇಕ್‌ಪಾಯಿಂಟ್ (ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ಹೇಳುವ ಎಂಐಸಿ ಗಡಿ) ಕೊಡದೆ ಬಿಟ್ಟಿತು. ಅನಿಡುಲಾಫಂಜಿನ್ ಅಥವಾ ಮೈಕಾಫಂಜಿನ್ ನೋಡಿ ತೀರ್ಮಾನಿಸಿ ಎನ್ನುತ್ತದೆ. ಈ ಗುಂಪಿನ ಔಷಧಗಳು ಪ್ಲಾಸ್ಟಿಕ್‌ಗೆ ಅಂಟುತ್ತವೆ, ಆದ್ದರಿಂದ ಟ್ಯೂಬ್, ಪ್ಲೇಟ್ ಬದಲಾದರೆ ಫಲಿತಾಂಶವೂ ಬದಲಾಗಬಹುದು. ಇದೇ ಗುಂಪಿನ ರೆಜಾಫಂಜಿನ್‌ಗೆ ಯೂಕಾಸ್ಟ್ ಮೀಡಿಯಂನಲ್ಲಿ ಟ್ವೀನ್ 20 ಎಂಬ ಡಿಟರ್ಜೆಂಟ್ ಚೂರು ಸೇರಿಸಲು ಹೇಳುವುದೂ ಇದೇ ಕಾರಣಕ್ಕೆ. ಕ್ಯಾಸ್ಪೊಫಂಜಿನ್ ಕ್ಯೂಸಿ 22019ಕ್ಕೆ 0.25ರಿಂದ 1ರ ಒಳಗಿಲ್ಲದಿದ್ದರೆ ಒಂದು ಸಲ ಹೊಸ ಸ್ಟಾಕ್‌ನಲ್ಲಿ ಪ್ರಯತ್ನಿಸಿ. ಆಗಲೂ ಬರದಿದ್ದರೆ ಹೋರಾಟ ನಿಲ್ಲಿಸಿ ಅನಿಡುಲಾಫಂಜಿನ್ ಕಡೆ ಹೋಗುವುದು ವಾಸಿ.

ಈಗ ಆ ಪ್ಲೇಟ್

ಮತ್ತೆ ಟೆಸ್ಟ್ ಹಾಕುವಾಗ ಒಂದೇ ಸಲ ಎಲ್ಲವನ್ನೂ ಬದಲಿಸಬೇಡಿ. ಬದಲಿಸಿದರೆ ಸರಿಹೋಗುತ್ತದೆ, ಆದರೆ ತಪ್ಪು ಯಾವುದರಲ್ಲಿತ್ತು ಎಂದು ಗೊತ್ತಾಗುವುದಿಲ್ಲ. ಒಂದೇ ದಿನ, ಒಂದೇ ಇನಾಕ್ಯುಲಂ, ಮೂರು ಸಾಲು ಹಾಕಿ. ಮೊದಲನೆಯದು ಹಳೆ ಸ್ಟಾಕ್, ಹಳೆ ಡಿಎಂಎಸ್‌ಒ. ಎರಡನೆಯದು ಹಳೆ ಸ್ಟಾಕ್, ಹೊಸ ಬಾಟಲಿಯ ಡಿಎಂಎಸ್‌ಒದಲ್ಲಿ ಡೈಲ್ಯೂಷನ್. ಮೂರನೆಯದು ಹೊಸದಾಗಿ ತೂಗಿದ ಸ್ಟಾಕ್, ಹೊಸ ಡಿಎಂಎಸ್‌ಒ. ಮೂರನೆಯದು ಮಾತ್ರ ರೇಂಜ್‌ಗೆ ಬಂದರೆ ಹಳೆ ಸ್ಟಾಕ್ ಸತ್ತಿದೆ. ಎರಡನೆಯದೂ ಬಂದರೆ ಬಾಟಲಿ. ಮೂರೂ ಬಂದರೆ ಮೊದಲ ದಿನದ ಕೈಕೆಲಸದಲ್ಲಿ ತಪ್ಪಿತ್ತು, ವರ್ಕ್‌ಶೀಟ್ ತೆಗೆದು ಡೈಲ್ಯೂಷನ್ ಹಂತಗಳನ್ನು ಓದಿ. ಮೂರೂ ಬರಲಿಲ್ಲ ಎಂದರೆ ದ್ರಾವಕ ಬಿಟ್ಟು ಬೇರೆ ಕಡೆ ನೋಡಿ. ಮೀಡಿಯಂ ಪಿಎಚ್ 6.9ರಿಂದ 7.1ರ ಒಳಗಿದೆಯೇ, ಇನಾಕ್ಯುಲಂ ಎಣಿಕೆ ಸರಿಯಿದೆಯೇ, ಕ್ಯೂಸಿ ಸ್ಟ್ರೈನ್ ಬೇರೆ ಯೀಸ್ಟ್ ಜೊತೆ ಬೆರೆತಿದೆಯೇ, ಪುಡಿಯ ಲಾಟ್ ಯಾವುದು.

ಅಷ್ಟರೊಳಗೆ ವಾರ್ಡಿಗೆ ಏನು ಹೇಳುವುದು? ಅದೇ ಪ್ಲೇಟಿನಲ್ಲಿ ಕ್ಯೂಸಿ ರೇಂಜ್ ಒಳಗಿರುವ ಔಷಧಗಳ ಫಲಿತಾಂಶ ಇವತ್ತೇ ಕೊಡಬಹುದು. ಆಂಫೋಟೆರಿಸಿನ್ ಮಾತ್ರ ಮರುಪರೀಕ್ಷೆಯಲ್ಲಿದೆ ಎಂದು ಬರೆದು, ಡಾಕ್ಟರಿಗೆ ಫೋನ್ ಮಾಡಿ ಬಾಯಲ್ಲೂ ಹೇಳಿ. ತಪ್ಪು ಹಳೆ ಸ್ಟಾಕ್‌ನದ್ದು ಎಂದು ಗೊತ್ತಾದರೆ ಕ್ಯೂಸಿ ಚಾರ್ಟಿನಲ್ಲಿ ಹಿಂದಕ್ಕೆ ಹೋಗಿ, ಕೊನೆಯ ಸಲ ಯಾವತ್ತು ಸರಿಯಿತ್ತು ಎಂದು ನೋಡಿ. ಅವತ್ತಿನಿಂದ ಇವತ್ತಿನವರೆಗೆ ಆ ಸ್ಟಾಕ್‌ನಲ್ಲಿ ಓದಿದ ಎಲ್ಲ ರೋಗಿಗಳ ಐಸೊಲೇಟ್‌ಗಳನ್ನೂ ಫ್ರೀಜರ್‌ನಿಂದ ತೆಗೆದು ಮತ್ತೆ ಹಾಕಬೇಕು.